ರಿಸೀವರ್‌ಗೆ ಕಾಗದ ಬೇಡವಂತೆ

ಡಲ್ಲಾಸ್ ಹತ್ತಿರ ಒಂದು ಬಂದೂಕಿನ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಹೋಗಿದ್ದೆ. ವಯಸ್ಸಾದ ಹೆಂಗಸೊಬ್ಬರು ಬಂದು, ಟವೆಲ್‌ನಲ್ಲಿ ಸುತ್ತಿದ್ದ ಲೋಹದ ತುಂಡನ್ನು ಕೌಂಟರ್ ಮೇಲಿಟ್ಟರು. ಅದು ಬಂದೂಕಿನ ನಡುಭಾಗ, ರಿಸೀವರ್. ಕಾನೂನಿನ ಲೆಕ್ಕದಲ್ಲಿ ಅದೊಂದೇ ಬಂದೂಕು, ಉಳಿದದ್ದೆಲ್ಲ ಬಿಡಿಭಾಗ.

"ನಮ್ಮೆಜಮಾನರು ತೀರಿಕೊಂಡರು. ಸ್ಟೇಟ್ ರೆಕಾರ್ಡಿನಲ್ಲಿ ಇದನ್ನು ನನ್ನ ಹೆಸರಿಗೆ ಮಾಡಿಸಬೇಕು."

"ಟೆಕ್ಸಸ್‌ನಲ್ಲಿ ಅಂಥ ರೆಕಾರ್ಡೇ ಇಲ್ಲ ಮೇಡಂ. ಇದು ನಿಮ್ಮದೇ, ಮನೆಗೆ ತೆಗೆದುಕೊಂಡು ಹೋಗಿ," ಅಂದ ಮಾಲೀಕ.

"ಒಂದು ಸಹಿಯೂ ಬೇಡವಾ? ಇವತ್ತಿಡೀ ದಿನ ಇದಕ್ಕೇ ಅಂತ ಇಟ್ಟುಕೊಂಡಿದ್ದೆ."

ನನ್ನ ಕುರ್ಚಿ ಅವರಿಗೆ ಕೊಟ್ಟೆ. ಆ ಊರಲ್ಲಿ ನನಗೂ ಮಾತಾಡುವವರು ಯಾರೂ ಇರಲಿಲ್ಲ. ಗಂಡನ ಬಗ್ಗೆ ಹೇಳುತ್ತಾ ಅವರು ಅಂಗಡಿ ಮುಚ್ಚುವವರೆಗೂ ಕೂತಿದ್ದರು.

ವೀಸಾ ಕಾಗದಗಳಿಗೆ ದಿನಾ ಶಾಪ ಹಾಕುತ್ತಿದ್ದವನು ನಾನು. ಅವತ್ತು ಮಾತ್ರ, ಈ ಸರ್ಕಾರ ಒಂದಾದರೂ ಫಾರ್ಮ್ ಇಡಬಾರದಿತ್ತಾ ಅನ್ನಿಸಿತು.