ನಾಳೆ ಟೈಲರನ ತಲೆ ಪರೀಕ್ಷೆ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವನನ್ನು ಜನ ಕರೆಯುತ್ತಿದ್ದುದೇ ನಾಳೆ ಟೈಲರ್ ಎಂದು. ಹೊಲಿಗೆಯಲ್ಲಿ ಎತ್ತಿದ ಕೈ, ಸುಳ್ಳಿನಲ್ಲಿ ಎರಡೂ ಕೈ. ಕೋಟು ಕೇಳಲು ಬಂದ ಲಾಯರಿಗೆ, "ಅಸ್ತರಿನ ಬಟ್ಟೆ ತರೋಕೆ ಭಾವ ಹೋಗಿದಾರೆ ಸಾರ್, ನಾಳೆ ಕೊಡ್ತೀನಿ" ಎನ್ನುವನು. ಆಸ್ಪತ್ರೆಯ ನರ್ಸಮ್ಮ ಬಂದರೆ, "ಭಾವ ತೀರ್ಕೊಂಡ್ರು, ಮಷಿನ್ ಮುಟ್ಟೋಕೇ ಮನಸ್ಸಿಲ್ಲ" ಎಂದು ಮೂಗೊರೆಸುವನು. ಇಬ್ಬರ ಬಟ್ಟೆಗೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ. ಆದರೆ ಯಾರಿಗೆ ಯಾವ ಸುಳ್ಳು ಹೇಳಿದೆ ಎಂಬುದರಲ್ಲಿ ಅವನು ಒಮ್ಮೆಯೂ ಎಡವಿದವನಲ್ಲ.

ಒಂದು ಬೆಳಿಗ್ಗೆ ಮಷಿನ್ ತುಳಿಯುತ್ತಿದ್ದಾಗ ಎಡಗಾಲು ಮಾತು ಕೇಳಲಿಲ್ಲ, ಬಾಯಿ ಸೊಟ್ಟಗಾಯಿತು. ಹೆಂಡತಿ ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಸೇರಿಸಿದಳು. ಸ್ಟ್ರೋಕ್. ಜೀವಕ್ಕೇನೂ ಆಗಲಿಲ್ಲ. ತಲೆಯ ಕಥೆ ಏನೆಂದು ನೋಡಲು ಡಾಕ್ಟರಮ್ಮ ಬಂದು ಕೂತರು.

"ನೆನಪಿಟ್ಕೊಳ್ಳಿ ಅಂತ ಆಗ ನಾನು ಹೇಳಿದ ಮೂರು ಪದ ಹೇಳಿ ನೋಡೋಣ."

"ಕುರ್ಚಿ... ಕುದುರೆ... ಮೂರನೇದು ನಾಳೆ ಕೊಡ್ತೀನಿ ಮೇಡಂ."

ತಲೆ ಕೆಟ್ಟೇಹೋಯಿತು ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ನೋಡಲು ಬಂದ ಲಾಯರು, "ನನ್ನ ಕೋಟು ಎಲ್ಲಿಗೆ ಬಂತಪ್ಪಾ?" ಎಂದರು.

"ಭಾವ ಅಸ್ತರ್ ತರೋಕೆ ಹೋಗಿದಾರಲ್ಲ ಸಾರ್."

ಡ್ರಿಪ್ ಬದಲಿಸುತ್ತಿದ್ದ ನರ್ಸಮ್ಮ ಸರಕ್ಕನೆ ತಿರುಗಿದರು. "ಯಾವ ಭಾವ? ತೀರ್ಕೊಂಡ್ರು ಅಂತ ನನ್ನತ್ರ ಅತ್ತಿದ್ರಿ!"

"ಅದು ನಿಮಗೆ ಸಿಸ್ಟರ್. ಲಾಯರ್ ಸಾಹೇಬ್ರಿಗೆ ಇನ್ನೂ ಸತ್ತಿಲ್ಲ."

ಸಾಯಿಸಿದ್ದು ತನ್ನ ಒಡಹುಟ್ಟಿದ ಅಣ್ಣನನ್ನೇ ಆದರೂ ಹೆಂಡತಿ ಆನಂದಬಾಷ್ಪ ಸುರಿಸಿದಳು. "ಇವರ ತಲೆ ನೆಟ್ಟಗಿದೆ!"

ಡಾಕ್ಟರಮ್ಮ ನಗು ತಡೆದುಕೊಂಡರು. "ಜೀವಮಾನವಿಡೀ ತಲೆ ಓಡಿಸಿದೋರ ಮೆದುಳಲ್ಲಿ ಒಂಥರಾ ಉಳಿತಾಯ ಇರುತ್ತೆ. ಒಂದು ದಾರಿ ಮುಚ್ಚಿದ್ರೆ ಇನ್ನೊಂದು ಹುಡುಕ್ಕೊಳ್ಳುತ್ತೆ. ಹಾಗಂತ ಮೈಮರೀಬೇಡಿ, ಮರೆವು ಆಮೇಲೂ ಬರಬಹುದು. ಬಿಪಿ ಮಾತ್ರೆ ತಗೊಳ್ಳಿ, ನಡೀರಿ, ತಲೆಗೆ ಕೆಲಸ ಕೊಡ್ತಿರಿ."

"ಸುಳ್ಳು ಹೇಳ್ಬೋದಾ ಮೇಡಂ?" ಎಂದು ಅವನು ಆಸೆಯಿಂದ ಕೇಳಿದ.

"ಪದಬಂಧ ಬಿಡಿಸಿ, ಸಾಕು."

ಗುಣವಾದ ಮೇಲೆ ನರ್ಸಮ್ಮನ ಬಟ್ಟೆಯನ್ನೇ ಮೊದಲು ಹೊಲಿದ. ಸೂಜಿ ಅವರ ಕೈಯಲ್ಲೂ ಇತ್ತಲ್ಲ! ಮರೆವು ಒಂಚೂರು ಇಣುಕಿದ್ದು ನಿಜ. ಕತ್ತರಿಯೂ 'ಅದು', ಟೇಪೂ 'ಅದು'. ಹೆಂಡತಿ ಅಂಗಡಿಯಲ್ಲೇ ಸ್ಟೂಲು ಹಾಕಿಕೊಂಡು ಕೂತಳು.

"ಅದು ಕೊಡೇ."

"ಹೆಸರು ಹೇಳಿ, ಕೊಡ್ತೀನಿ."

ಅವನು ಮುಖ ಊದಿಸಿಕೊಂಡ, ತಲೆ ಕೆರೆದುಕೊಂಡ, ಸೂರು ನೋಡಿದ. ಕೊನೆಗೆ ಗಲ್ಲಿಗೆಲ್ಲ ಕೇಳುವಂತೆ "ಕತ್ತರೀ!" ಎಂದು ಕೂಗಿದ. ಪಕ್ಕದಂಗಡಿಯ ಕ್ಷೌರಿಕ ಅರ್ಧ ಕತ್ತರಿಸಿದ ತಲೆಯನ್ನು ಅಲ್ಲೇ ಬಿಟ್ಟು, ಕತ್ತರಿ ಹಿಡಿದು ಓಡಿ ಬಂದ.