ಕರಿಯ ಇತ್ತ್

ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕೆಂದು ಅಮ್ಮ ಕಲಿಸಿದ್ದರು. ನಾನೀಗ ನಾಯಿಯ ಹೊಟ್ಟೆ ನೋಡುತ್ತೇನೆ. ಜಗಲಿಯ ಮೂಲೆಯಲ್ಲಿ ಗೋಣಿಯ ಮೇಲೆ ಮಲಗಿದ ಕರಿಯನ ಹೊಟ್ಟೆ ಏರಿ ಇಳಿದರೆ ನನ್ನ ಉಸಿರೂ ಹೊರಡುತ್ತದೆ. ಮೊನ್ನೆ ಮೊನ್ನೆಯವರೆಗೂ, ಏರಲು ಕೊಂಚ ತಡವಾದರೆ ಬಗ್ಗಿ ಅದರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ. ಕರಿಯ ಬೆಚ್ಚಿಬಿದ್ದು ಎದ್ದು, ಪೊರೆ ಕಟ್ಟಿದ ಕಣ್ಣಿನಿಂದ ನನ್ನನ್ನು ದಿಟ್ಟಿಸುತ್ತಿತ್ತು. ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಮುದಿಜೀವದ ನಿದ್ದೆ ಕೆಡಿಸುವುದು ಯಾವ ಸೀಮೆಯ ಆರೈಕೆಯೋ.

ಅದಕ್ಕೆ ವಯಸ್ಸೆಷ್ಟು ಎಂಬುದರಲ್ಲೇ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಹೆದ್ದಾರಿ ಅಗಲ ಮಾಡಲು ಕುಂಭಾಶಿಯಲ್ಲಿ ಮರ ಕಡಿದರಲ್ಲ, ಅದಾದ ಮೇಲೆ ಬಂದದ್ದು ಎಂದು ನಾನು. ಮರ ಕಡಿಯುವವರಿಗೆ ಬೊಗಳಿದ್ದೇ ಕರಿಯ ಎಂದು ನನ್ನ ಹೆಂಡತಿ ಸುಮಿತ್ರಾ. ನನ್ನ ನೆನಪು ನಾಯಿಯ ಆಯುಸ್ಸನ್ನು ಉದ್ದ ಮಾಡಲೆಂದೇ ವರ್ಷಗಳನ್ನು ನುಂಗುತ್ತಿರಬಹುದು ಎಂಬ ಗುಮಾನಿ ನನಗೂ ಇದೆ.

ಕಳೆದ ವಾರ ಕರಿಯ ಬೂತಾಯಿ ಮೀನಿನ ತಲೆಯನ್ನು ಮೂಸಿ ನೋಡಿ ಮುಖ ತಿರುಗಿಸಿತು. ಊರಿಗೆ ಹೊಸದಾಗಿ ಬಂದ, ವಿಜಯಪುರದ ಕಡೆಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಬೆಳಗಿನತನಕ ತಡೆದುಕೊಂಡರೆ ಪಾರು ಎಂದರು. ಬೆಳಿಗ್ಗೆ ಹೊಟ್ಟೆ ಏರಿಳಿಯುತ್ತಿತ್ತು. ತಪ್ಪಿಸಲಾಗದ ಒಂದು ಉಪನಯನಕ್ಕೆಂದು ಕಿರಿಮಂಜೇಶ್ವರಕ್ಕೆ ಹೋದೆ. ಊಟದ ಎಲೆಯ ಮೇಲೂ ನನಗೆ ಕಂಡದ್ದು ಆ ಹೊಟ್ಟೆಯೇ.

ವಾಪಸು ಬರುವ ಬಸ್ಸು ಮರವಂತೆ ದಾಟುವಾಗ ಡಾಕ್ಟರ ಫೋನು ಬಂತು. ಮನೆಗೆ ಫೋನ್ ಮಾಡಿ ವಿಚಾರಿಸಿದರಂತೆ, 'ಅಕ್ಕಾರು', ಅಂದರೆ ಸುಮಿತ್ರಾ, ವಿಷಯ ಹೇಳಿದರಂತೆ. ಆಮೇಲೆ ದನಿ ತಗ್ಗಿಸಿ, "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್. ಛಲೋ ನಾಯಿ ಇತ್ತು" ಎಂದರು.

ಮನೆಗೆ ಒಮ್ಮೆ ಫೋನ್ ಮಾಡಿದೆ. ಸುಮಿತ್ರಾ ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿ ಮತ್ತೆ ಮಾಡಲಿಲ್ಲ. ತ್ರಾಸಿಯ ಕಡಲು ಕಿಟಕಿಯಲ್ಲಿ ಮಸುಕಾಯಿತು. ಹೆಮ್ಮಾಡಿ ಬರುವಷ್ಟರಲ್ಲಿ ಕರಿಯ ಯಾರಿಗೂ ಕಚ್ಚದ ನಾಯಿಯಾಗಿತ್ತು. ಕುಂದಾಪುರಕ್ಕೆ ಬಂದಾಗ ಶನಿವಾರ ಮೀನು ಮುಟ್ಟದ ವ್ರತಸ್ಥ. ಪೋಸ್ಟ್‌ಮ್ಯಾನನ ಕಾಲಿನಲ್ಲಿ ಉಳಿದ ಅದರ ಹಲ್ಲಿನ ಗುರುತು ನೆನಪಿಗೇ ಬರಲಿಲ್ಲ. ಸತ್ತ ಸುದ್ದಿ ಕಿವಿಗೆ ಬಿದ್ದು ಗಂಟೆಯಾಗುವ ಮೊದಲೇ ನೆನಪು ಸುಳ್ಳು ಹೇಳಲು ಶುರುಮಾಡಿತ್ತು.

ಗೇಟು ತೆಗೆದಾಗ ಜಗಲಿಯ ಗೋಣಿಯ ಮೇಲೆ ಬಾಲವೊಂದು ಪಟ್ ಎಂದು ಬಡಿಯಿತು. ನಾನು ಮೆಟ್ಟಿಲ ಮೇಲೆಯೇ ಕುಳಿತೆ.

"ಹ್ವಾಯ್, ಎಂತಾಯ್ತ್ ನಿಮ್ಗೆ?" ಎನ್ನುತ್ತಾ ಸುಮಿತ್ರಾ ಹೊರಗೆ ಬಂದಳು. ಡಾಕ್ಟರಿಗೆ ಏನು ಹೇಳಿದೆ ಎಂದು ಕೇಳಿದೆ.

"ನಾಯಿ ಹ್ಯಾಂಗಿತ್ತ್ ಕೇಂಡ್ರ್. ಇತ್ತ್ ಡಾಕ್ಟ್ರೆ, ಮನ್ಕಂಡಿತ್ತ್ ಅಂದೆ. ಸುಳ್ಳಾ? ಇಲ್ಲೇ ಇತ್ತಲೆ, ಕಾಣಿ."

ತಪ್ಪು ಯಾರದೂ ಅಲ್ಲ. ನಮ್ಮ ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಎಂದರೆ 'ಇದೆ'. ಉಳಿದ ಕರ್ನಾಟಕಕ್ಕೆ 'ಇತ್ತು' ಎಂದರೆ ಮುಗಿದ ಕಥೆ. ಮಲಗಿರುವ ನಾಯಿ ಅವರ ಕಿವಿಗೆ ಬೀಳುವಷ್ಟರಲ್ಲಿ ಮಲಗಿದ್ದ ನಾಯಿಯಾಗಿಬಿಟ್ಟಿತ್ತು. ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದಾಗ ಅವರು, ಹಾಗಾದರೆ ಗಂಜಿ ಕುಡಿಸ್ರಿ ಎಂದರು. ಕರಿಯ ಎರಡು ಸಲ ನೆಕ್ಕಿ ಬಿಟ್ಟಿತು. ಮರುದಿನ ಮೂರು ಸಲ ನೆಕ್ಕಿತೆಂದು ನಾನು. ಅದೇ ಎರಡು ಎಂದು ಸುಮಿತ್ರಾ.

ಅಂದು ದಿನಚರಿಯಲ್ಲಿ ಬೇರೇನೂ ಬರೆಯಲಿಲ್ಲ, 'ಕರಿಯ ಇತ್ತ್' ಎಂದಷ್ಟೇ ಬರೆದೆ. ನನ್ನ ದಿನಚರಿಯಲ್ಲಿ ಮುಂದೆಂದೂ ಸುಳ್ಳಾಗದ ವಾಕ್ಯ ಇದೊಂದೇ ಇರಬೇಕು; ಯಾವಾಗ ಓದಿದರೂ ಒಂದಲ್ಲ ಒಂದು ಕನ್ನಡದಲ್ಲಿ ಸರಿಯಾಗಿಯೇ ಇರುತ್ತದೆ. ಕೊನೆಯ ಅಕ್ಷರಕ್ಕೆ ಕೊಂಬು ಹಚ್ಚಬೇಕಾದ ದಿನ ಬರುತ್ತದೆಂದು ಗೊತ್ತು. ಅವಸರವಿಲ್ಲ. ಈಗ ಬೆಳಿಗ್ಗೆ ಬೆರಳು ಹಿಡಿಯುವುದನ್ನು ಬಿಟ್ಟು, ಅಡುಗೆಮನೆಯ ಕಡೆ ತಿರುಗಿ ಕೇಳುತ್ತೇನೆ. ಒಳಗಿನಿಂದ "ಇತ್ತ್" ಎಂದು ಉತ್ತರ ಬರುತ್ತದೆ.

ಆಮೇಲೂ ಒಮ್ಮೆ ಹೊಟ್ಟೆ ನೋಡುತ್ತೇನೆ, ಅದು ಬೇರೆ ವಿಷಯ.