ತಲೆಯಳತೆಗೆ ಒಂದು ಬೆರಳು ಲೂಸು

ತನ್ನ ಅಳತೆ ಎಂದೂ ತಪ್ಪದೆಂದು ದರ್ಜಿ ಹದಿನೇಳು ವರ್ಷ ಬೀಗಿದ್ದನು. ತಪ್ಪಿದ್ದು ಸ್ವಂತ ಮಗಳ ತಲೆಯ ಮೇಲೆಯೇ. ಅಂಗಡಿಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ, ಈ ಕಥೆಯನ್ನು ಅವನೇ ಹೇಳುತ್ತಾನೆ.

ಮಗು ಹತ್ತು ವಾರ ಮೊದಲೇ ಹುಟ್ಟಿತ್ತು. ಹೊಟ್ಟೆಯೊಳಗೆ ನೆಮ್ಮದಿಯಾಗಿ ಬೆಳೆಯಬೇಕಿದ್ದ ಮೆದುಳು ಇನ್ನು ಹೊರಗಿನ ಬೆಳಕು, ಸದ್ದುಗಳ ನಡುವೆ ಬೆಳೆಯಬೇಕು. ಒಳಗೆ ಸಣ್ಣ ರಕ್ತಸ್ರಾವವೂ ಆಗಿದೆ, ನೀರು ತುಂಬಿಕೊಂಡರೆ ತಲೆ ಬೇಗಬೇಗ ದೊಡ್ಡದಾದೀತು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಏಳು ವಾರ ಆಸ್ಪತ್ರೆಯಲ್ಲಿ ನರ್ಸೇ ಅಳೆದಳು. ಮನೆಗೆ ಕಳಿಸುವಾಗ, ವಾರಕ್ಕೊಮ್ಮೆ ಅಳೆದು ಫೋನಿನಲ್ಲಿ ತಿಳಿಸಬೇಕೆಂದು ಹೇಳಿ, ಅಳೆಯುವ ಬಗೆ ತೋರಿಸಲು ಬಂದಳು.

“ಟೇಪು ಹಿಡಿಯೋದನ್ನ ನನಗೇ ಹೇಳಿಕೊಡ್ತೀರಾ ಸಿಸ್ಟರ್?” ಎಂದು ದರ್ಜಿ ನಕ್ಕುಬಿಟ್ಟನು.

ಮೊದಲ ವಾರವೇ ಅಳತೆ ಎರಡು ಸೆಂಟಿಮೀಟರ್ ಏರಿತು. ಫೋನಿನಲ್ಲಿ ಡಾಕ್ಟರಮ್ಮ ಆ ಅಂಕಿಯನ್ನು ಇನ್ನೊಮ್ಮೆ ಹೇಳಿಸಿದರು. “ಈಗಲೇ ಕರ್ಕೊಂಡು ಬನ್ನಿ.”

ದರ್ಜಿ ಓಡಿಹೋಗಿ ಆಟೋ ತಂದನು. ದಾರಿಯುದ್ದಕ್ಕೂ ಹೆಂಡತಿ ಮಗುವಿನ ನೆತ್ತಿಗೆ ಅಂಗೈ ಅಡ್ಡಹಿಡಿದು ಕುಳಿತಿದ್ದಳು.

ನರ್ಸು ನೆತ್ತಿ ಮುಟ್ಟಿದಳು, ಉಬ್ಬದೆ ಮೆತ್ತಗಿತ್ತು. ಅಳೆದಳು. “ಏರಿರೋದು ಅರ್ಧ ಸೆಂಟಿಮೀಟರ್. ಅಷ್ಟು ಏರಲೇಬೇಕು. ನೀವು ಹೇಗೆ ಅಳೆದ್ರಿ, ತೋರಿಸಿ ಅಣ್ಣ.”

ತೋರಿಸಿದನು. ಕಾಲರ್ ಅಳೆಯುವಾಗಿನಂತೆ ಟೇಪಿನಡಿಗೆ ಅವನ ತೋರುಬೆರಳು ತಾನಾಗಿಯೇ ನುಸುಳಿತು.

“ಈ ಬೆರಳು?”

“ಲೂಸಿಗೆ... ಉಸಿರಾಡೋಕೆ ಜಾಗ ಬೇಡ್ವಾ?”

“ತಲೆ ಉಸಿರಾಡುತ್ತಾ ಅಣ್ಣಾ?”

ಹೆಂಡತಿ ಆ ದಿನ ಮೊದಲ ಬಾರಿಗೆ ಬಾಯಿ ತೆರೆದಳು. “ಪುಣ್ಯಕ್ಕೆ ಕತ್ತರಿ ಹಾಕಿಲ್ಲ ನೋಡಿ ಸಿಸ್ಟರ್!”

ಆದರೂ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ನೀರು ತುಂಬಿರಲಿಲ್ಲ, ರಕ್ತದ ಕಲೆ ಕರಗತೊಡಗಿತ್ತು. “ನಡಿಗೆ, ಮಾತು ಹೇಗೆ ಬರುತ್ತೋ ಎರಡು ವರ್ಷ ನೋಡ್ತಾ ಇರಬೇಕು. ಟೇಪು ಮಾತ್ರ ಅಮ್ಮನ ಕೈಲಿರಲಿ.”

“ಹಾಗಾದ್ರೆ ನಾನೇನು ಮಾಡ್ಲಿ?” ದರ್ಜಿಯ ಮುಖ ಹುಳ್ಳಗಾಗಿತ್ತು.

“ಅಂಗಿ ಬಿಚ್ಚಿ ಮಗೂನ ಎದೆಗೆ ಒತ್ತಿಕೊಂಡು ಕೂತ್ಕೊಳ್ಳಿ. ಬೆಳೆಯೋ ಮೆದುಳಿಗೆ ಅದೂ ಬೇಕು.”

ಊರಿಗೆಲ್ಲ ಗುಂಡಿ ಹಚ್ಚುವವನ ಅಂಗಿಯಲ್ಲಿ ಎರಡು ಗುಂಡಿಗಳೇ ಇರಲಿಲ್ಲ. ಬಿಚ್ಚುವ ಕೆಲಸ ಬೇಗ ಮುಗಿಯಿತು. ಮಗಳು ಅವನೆದೆಗೆ ಕೆನ್ನೆಯೊತ್ತಿ ಮಲಗಿದಳು. ಕಾಲು ಜೋಮು ಹಿಡಿದರೂ ದರ್ಜಿ ಮಿಸುಕಲಿಲ್ಲ.